‘ಒಳಗಿದ್ದಾಗ’ ಎಂದ ಮನುಷ್ಯ

ನಿವೃತ್ತಿಯಾದ ಮೇಲೂ ಡಿಪಾರ್ಟ್‌ಮೆಂಟಿನವರು ಎಂ.ಎ. ಕ್ರಿಮಿನಾಲಜಿಯ ಒಂದಿಬ್ಬರು ಮಕ್ಕಳಿಗೆ ಗೈಡ್ ಆಗಿರಿ ಎಂದು ನನ್ನನ್ನು ಕರೆಯುತ್ತಿದ್ದರು. ಅದಕ್ಕೆ ಕಾರಣ ನನ್ನ ಪಾಂಡಿತ್ಯವಲ್ಲ, ಕಾನ್ವೆಂಟಿನ ಇಂಗ್ಲಿಷು. ಡಿಸರ್ಟೇಶನ್ ಇಂಗ್ಲಿಷಿನಲ್ಲಿರಬೇಕು, ಮಕ್ಕಳು ಮಾತಾಡಿಸಿಕೊಂಡು ಬರುವ ಜನರೋ ಕನ್ನಡದವರು. ಇವೆರಡರ ನಡುವೆ ಯಾರಾದರೂ ಕೆಂಪು ಪೆನ್ನು ಹಿಡಿದು ಕೂರಬೇಕಿತ್ತು. ಶಿವಮೊಗ್ಗದ ನನ್ನ ಮನೆಯ ಊಟದ ಮೇಜಿನ ಮೇಲೆ ಆ ಕೆಲಸ ನಡೆಯುತ್ತಿತ್ತು.

ಆ ವರ್ಷ ನನ್ನ ಪಾಲಿಗೆ ಬಂದವಳು ಕುಂಸಿ ಕಡೆಯ ಹುಡುಗಿ. ಮಾತು ಕಡಿಮೆ, ಹಟ ಜಾಸ್ತಿ. ಶಿಕ್ಷೆ ಮುಗಿಸಿ ಮನೆಗೆ ಮರಳಿದವರು ಮತ್ತೆ ಕೆಲಸವನ್ನು, ನೆರೆಹೊರೆಯನ್ನು ಹೇಗೆ ಹಿಡಿಯುತ್ತಾರೆ ಎಂಬುದು ಅವಳ ವಿಷಯ. ಕ್ಷೇತ್ರ ಭದ್ರಾವತಿ. ಇಂಥ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಜನರನ್ನು ಕಾಪಾಡಬೇಕು, ಆಮೇಲೆ ಡೇಟಾ. ಅದಕ್ಕೇ ನಾನು ಕೆಲವು ಕಟ್ಟುನಿಟ್ಟು ಮಾಡಿದ್ದೆ. ಮಾತಾಡುವವರ ಸಹಿ ಬೇಡ, ಒಪ್ಪಿಗೆಯನ್ನು ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಬೇಕು. ಹೆಸರು ಎಲ್ಲೂ ಬರಬಾರದು. ಆಡಿಯೊ ಫೋನಿನಲ್ಲಿ ಉಳಿಯಬಾರದು, ಒಂದು ಮೆಮರಿ ಕಾರ್ಡಿಗೆ ಹಾಕಿ ಅಳಿಸಬೇಕು. ಮಾತು ಮುಗಿದ ಮೇಲೆ ಅವರ ಫೋನ್ ನಂಬರನ್ನೂ ಅಳಿಸಬೇಕು. ಕೊನೆಯ ಪ್ರತಿಯಲ್ಲಿ ಒಬ್ಬೊಬ್ಬರಿಗೂ ಒಂದು ಸುಳ್ಳು ಹೆಸರು ಇಡುವುದು. ಅಲ್ಲಿಯವರೆಗೆ ಬರೀ ನಂಬರು. “ಮ್ಯಾಮ್, ಇದು ಪೊಲೀಸ್ನೋರಿಗಿಂತ ಸ್ಟ್ರಿಕ್ಟು” ಎಂದಿದ್ದಳು.

ಏಳನೆಯವನ ಮಾತು ನನ್ನ ಮೇಜಿಗೆ ಬಂದಾಗ ಕೆಂಪು ಪೆನ್ನಿಗೆ ಹೆಚ್ಚು ಕೆಲಸವಿರಲಿಲ್ಲ. ಸನ್ನಡತೆಗಾಗಿ ಅವಧಿಗೆ ಮೊದಲೇ ಬಿಡುಗಡೆಯಾದವನು, ಷರತ್ತುಗಳಿದ್ದವು. ಭದ್ರಾವತಿ ನ್ಯೂಟೌನಿನ ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಜೈಲಿನಿಂದ ಬಂದವನು ಎಂದು ಗಿರಣಿ ಮಾಲೀಕನಿಗೆ ಗೊತ್ತಿರಲಿಲ್ಲ. ನದಿ ಕಡೆಯ ಪಾರ್ಕಿನ ಬೆಂಚಿನ ಮೇಲೆ ಕೂತು ಮಾತಾಡಿದ್ದ. ನಡುವೆ ಒಂದು ಪ್ಯಾರಾ: ಒಳಗಿದ್ದಾಗ ಒಬ್ಬ ಹುಡುಗ ಹೋಗಿಬಿಟ್ಟ, ನಾವು ಕಣ್ಣಾರೆ ನೋಡಿದೆವು, ಸಾಹೇಬರು ಬರೆದುಕೊಂಡದ್ದೇ ಬೇರೆ, ಸೈನ್ ಹಾಕು ಅಂದರು, ಹಾಕಿದೆ.

ಹುಡುಗಿ ಅದನ್ನು ‘ವೆನ್ ಐ ವಾಸ್ ಇನ್‌ಸೈಡ್’ ಎಂದು ಬರೆದಿದ್ದಳು. “ಇದು ಸರಿಯಾ ಮ್ಯಾಮ್?” ಎಂದು ಕೇಳಿದ್ದಳು. ‘ಇನ್‌ಸೈಡ್’ ಎಂದರೆ ಇಂಗ್ಲಿಷಿನಲ್ಲಿ ಜೈಲಿಗೆ ಬೀದಿಯ ಮಾತು, ಅಕಾಡೆಮಿಕ್ ಬರವಣಿಗೆಗೆ ಒಗ್ಗುವುದಿಲ್ಲ ಎಂದು ವಿವರಿಸಿ, ಅದನ್ನು ಹೊಡೆದು ಮೇಲೆ ‘ಇನ್ ಪ್ರಿಸನ್’ ಎಂದು ಬರೆದುಕೊಟ್ಟೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ದುಂಡಗಿನ ಅಕ್ಷರ. ಅದು ಈಗಲೂ ಕೈ ಬಿಟ್ಟಿಲ್ಲ.

ಸಲ್ಲಿಸುವ ಮೊದಲಿನ ಸೆಮಿನಾರಿಗೆ ಎಕ್ಸ್‌ಟರ್ನಲ್ ಎಕ್ಸಾಮಿನರ್ ಆಗಿ ಬಂದವರು ಬಂದೀಖಾನೆ ಇಲಾಖೆಯ ಒಬ್ಬ ನಿವೃತ್ತ ಅಧಿಕಾರಿ. ಕರಡನ್ನು ಮುಂಚೆಯೇ ಓದಿಕೊಂಡು ಬಂದಿದ್ದರು. ಹುಡುಗಿ ಸ್ಲೈಡ್ ತೋರಿಸಿ ಮುಗಿಸಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪೇಜ್ ತೆಗೀರಿ. ರೆಸ್ಪಾಂಡೆಂಟ್ ಸೆವೆನ್. ಇದು ಕಸ್ಟೋಡಿಯಲ್ ಡೆತ್ ಅಲ್ವೇನಮ್ಮ?”

ಅವಳು ಬೆಪ್ಪಾಗಿ ನನ್ನ ಕಡೆ ನೋಡಿದಳು.

“ನಿಮ್ಮ ಮ್ಯಾಮ್ ಕಡೆ ನೋಡ್ಬೇಡಿ. ಒಬ್ಬ ಸತ್ತಿದಾನೆ. ರೆಕಾರ್ಡಲ್ಲಿ ಬೇರೆ ಬರ್ದಿದಾರೆ. ನೋಡಿದ ಸಾಕ್ಷಿ ಸೈನ್ ಹಾಕಿದಾನೆ. ನೀವು ಇದನ್ನ ರೀ-ಎಂಟ್ರಿ ಎಕ್ಸ್‌ಪೀರಿಯನ್ಸ್ ಅಂತ ಸಬ್‌ಹೆಡಿಂಗ್ ಕೆಳಗೆ ಹಾಕಿದೀರ! ಯಾರವನು?”

“ಸರ್, ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

“ಮಾತು ಕೊಟ್ಟಿದೀರ. ಸರಿ. ಆ ಸತ್ತ ಹುಡುಗನಿಗೂ ಒಬ್ಬ ತಾಯಿ ಇರ್ತಾಳಲ್ಲ, ಅವಳಿಗೆ ಯಾರು ಮಾತು ಕೊಟ್ಟಿದಾರೆ?”

ಆ ಮನುಷ್ಯನ ಮೇಲೆ ಕೋಪ ಬರಲಿ ಎಂದು ಕಾದೆ, ಬರಲಿಲ್ಲ. ಅವರು ಕೇಳಿದ್ದು ನ್ಯಾಯವಾಗಿತ್ತು. ನಾನು ಪಾಠ ಮಾಡಿದ ವರ್ಷಗಳಲ್ಲೆಲ್ಲ ಗೌಪ್ಯತೆಗೂ ಗಡಿಯಿದೆ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಆ ಗಡಿ ಎಲ್ಲಿದೆ ಎಂದು ಯಾರೂ ಹೀಗೆ ಮುಖಕ್ಕೇ ಕೇಳಿರಲಿಲ್ಲ.

ಸೆಮಿನಾರ್ ಮುಗಿದ ಮೇಲೆ ಎಚ್‌.ಒ.ಡಿ. ನಮ್ಮಿಬ್ಬರನ್ನೂ ತಮ್ಮ ಚೇಂಬರಿಗೆ ಕರೆದರು. ಒಂದು ಕಾಲಕ್ಕೆ ನನ್ನ ಸ್ಟೂಡೆಂಟ್; ಈಗಲೂ ನಾನು ಕೂರುವವರೆಗೆ ತಾವು ಕೂರುವುದಿಲ್ಲ.

“ಮೇಡಂ, ತಪ್ಪು ತಿಳ್ಕೋಬೇಡಿ. ಅವರು ಸೋಮವಾರ ರಿಪೋರ್ಟ್ ಮಾಡ್ತೀನಿ ಅಂತಿದಾರೆ. ಅಷ್ಟರೊಳಗೆ ಆಡಿಯೊ, ಆ ಮನುಷ್ಯನ ವಿವರ, ಎರಡೂ ಆಫೀಸಲ್ಲಿ ಸೀಲ್ ಮಾಡಿ ಇಟ್ಬಿಡೋಣ. ಡಿಪಾರ್ಟ್‌ಮೆಂಟಿಗೆ ಸೇಫು.”

“ಡಿಪಾರ್ಟ್‌ಮೆಂಟಿಗೆ ಸೇಫು. ಅವನಿಗೆ?”

“ಅವನೇನು ಆರೋಪಿ ಅಲ್ವಲ್ಲ, ಸಾಕ್ಷಿ.”

“ಷರತ್ತಿನ ಮೇಲೆ ಹೊರಗಿರೋನನ್ನ ಸ್ಟೇಷನ್ನಿಗೆ ಕರೆದ್ರೆ ಗಿರಣಿ ಮಾಲೀಕನಿಗೆ ಗೊತ್ತಾಗೋಕೆ ಅರ್ಧ ದಿನ ಸಾಕು. ಕೆಲಸ ಹೋಗುತ್ತೆ. ಜೈಲಿನ ವಿರುದ್ಧ ಮಾತಾಡಿದಾನೆ ಅಂತಾದ್ರೆ ಬಿಡುಗಡೆನೇ ಏನಾಗುತ್ತೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಾ?”

ಅವರು ಹುಡುಗಿಯ ಕಡೆ ತಿರುಗಿದರು. ಹುಡುಗಿಯ ಕೈಯಲ್ಲಿ ಮೆಮರಿ ಕಾರ್ಡಿನ ಪುಟ್ಟ ಡಬ್ಬಿ ಇತ್ತು. ಅವಳ ಬೆರಳುಗಳು ಅದರ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದವು. ಅದು ಅವಳ ಹತ್ತಿರ ಇರುವವರೆಗೆ ಎಲ್ಲರೂ ಅವಳನ್ನೇ ಕೇಳುತ್ತಾರೆ, ಅವಳ ಮಾರ್ಕ್ಸು ಇವರ ಕೈಯಲ್ಲಿದೆ. ನಾನು ಕೈ ಚಾಚಿದೆ. ಡಬ್ಬಿಯನ್ನು ನನ್ನ ಕನ್ನಡಕದ ಕೇಸಿನೊಳಗೆ ಹಾಕಿ, ಕೇಸನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದೆ.

“ಆಡಿಯೊ ಈಗ ಗೈಡ್ ಹತ್ರ ಇದೆ. ಇನ್ನು ಯಾರು ಏನು ಕೇಳೋದಿದ್ರೂ ನನ್ನನ್ನ ಕೇಳಿ. ಸೋಮವಾರದೊಳಗೆ ಅವನನ್ನೇ ಹೋಗಿ ಕೇಳಿ ಬರ್ತೀವಿ. ಅವನು ಒಪ್ಪಿದ್ರೆ ಲಾಯರ್ ಇಟ್ಕೊಂಡು ಸರಿಯಾದ ದಾರೀಲಿ ಕಂಪ್ಲೇಂಟ್ ಕೊಡ್ಸೋಣ.”

“ಒಪ್ಪದಿದ್ರೆ?”

ಬ್ಯಾಗನ್ನು ಹೆಗಲಿಗೇರಿಸಿ ಎದ್ದೆ. ಮನೆಗೆ ಬಂದು ಕಾರ್ಡನ್ನು ಫೋನಿಗೆ ಹಾಕಿ ಆ ಭಾಗವನ್ನು ಕಿವಿಗೆ ಹಚ್ಚಿಕೊಂಡು ಕೇಳಿದೆ. ಪಾರ್ಕಿನ ಗುಬ್ಬಚ್ಚಿಗಳ ಗದ್ದಲ, ಒಂದು ಸ್ಕೂಟರು, ಅವನ ಒಣ ದನಿ: ‘ಒಳಗಿದ್ದಾಗ...’ ಪುಟದಲ್ಲಿ ಏನಿತ್ತೋ ಅದೇ ನನಗೆ ಕೇಳಿಸಿತು.

ಅವನ ನಂಬರನ್ನು ನಾನೇ ಅಳಿಸಲು ಹೇಳಿದ್ದೆನಲ್ಲ, ಫೋನ್ ಮಾಡುವಂತಿರಲಿಲ್ಲ. ಗೊತ್ತಿದ್ದದ್ದು ಗಿರಣಿ ಮಾತ್ರ. ಕಾಲೇಜಿನವರು ಅಂತ ಹೋಗಿ ನಿಂತರೆ ಮಾಲೀಕ ಯಾಕೆ ಎಂದು ಕೇಳುತ್ತಾನೆ. ಹುಡುಗಿಯೇ ದಾರಿ ಹುಡುಕಿದಳು. “ಗಿರಣಿಗೆ ಗಿರಾಕಿ ಥರಾನೇ ಹೋಗೋಣ ಮ್ಯಾಮ್. ಗೋಧಿ ತಗೊಂಡು.”

ಹಾಗೆ ಶನಿವಾರ ಬೆಳಿಗ್ಗೆ ನಾವಿಬ್ಬರೂ ಒಂದು ತಗಡಿನ ಡಬ್ಬದ ತುಂಬ ಗೋಧಿ ಹಿಡಿದು ಭದ್ರಾವತಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಡಬ್ಬವನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದೆ. ನನ್ನ ಹಳೆಯ ಸಹಪಾಠಿಗಳು ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ. ಫೀಲ್ಡ್‌ವರ್ಕ್ ಎಂಬ ಮಾತನ್ನು ಜೀವನವಿಡೀ ಉಪಯೋಗಿಸಿದ್ದೇನೆ; ಗೋಧಿ ಹೊತ್ತು ಹೋದದ್ದು ಅದೇ ಮೊದಲು.

ಗಿರಣಿಯಲ್ಲಿ ಬೆಲ್ಟಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಮಾಲೀಕ ತಕ್ಕಡಿಯ ಪಕ್ಕ ಕೂತಿದ್ದ. ಒಳಬದಿಯಲ್ಲಿ ಹುಬ್ಬು, ರೆಪ್ಪೆಯೆಲ್ಲ ಹಿಟ್ಟಾಗಿ ಒಬ್ಬ ಮನುಷ್ಯ ಬಾಯಿಗೆ ಟವೆಲ್ ಕಟ್ಟಿಕೊಂಡು ನಿಂತಿದ್ದ. ಹುಡುಗಿಯನ್ನು ನೋಡಿದ. ಟವೆಲಿನ ಮೇಲೆ ಕಾಣುತ್ತಿದ್ದ ಕಣ್ಣಷ್ಟೇ ಗಟ್ಟಿಯಾದದ್ದು ನನಗೆ ಕಂಡಿತು. ಕೈ ನಿಲ್ಲಲಿಲ್ಲ.

“ಚಪಾತಿಗಾ, ರವೇಗಾ?” ಮಾಲೀಕ ಕೂಗಿದ.

“ಹಿಟ್ಟು” ಎಂದೆ ನಾನು.

“ಹಿಟ್ಟೇ ಕಣಮ್ಮ, ಗಿರಣೀಲಿ ಇನ್ನೇನ್ ಕೊಡ್ತಾರೆ! ನೈಸಾಗ್ ಬೇಕಾ, ತರಿ ಬೇಕಾ? ಯಾವ ಕಡೆಯೋರು? ಹೊಸಬ್ರಿದ್ದಂಗಿದೆ.”

“ಶಿವಮೊಗ್ಗ. ನೆಂಟರ ಮನೆಗೆ ಬಂದಿದ್ವಿ” ಎಂದಳು ಹುಡುಗಿ.

“ನೆಂಟರ ಮನೆಗೆ ಗೋಧಿ ಹೊತ್ಕೊಂಡ್ ಬಂದೋರನ್ನ ಇವತ್ತೇ ನೋಡಿದ್ದು. ಶಿವಮೊಗ್ಗದಲ್ಲಿ ಗಿರಣಿ ಇಲ್ವಾ?”

“ನಮ್ಮ ಬೀದಿದು ಕೆಟ್ಟಿದೆ” ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ದನಿ ಹೇಗಿರುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡಿದವಳು ನಾನು. ಮಾಲೀಕ ನನ್ನನ್ನು ಒಮ್ಮೆ, ಹುಡುಗಿಯನ್ನು ಒಮ್ಮೆ, ಆಮೇಲೆ ತಿರುಗಿ ಆ ಮನುಷ್ಯನನ್ನು ನೋಡಿದ. ನಾವು ಅವನನ್ನು ಕಾಪಾಡಲು ಬಂದು ಅವನ ಕೆಲಸವನ್ನೇ ಕಳೆಯುತ್ತಿದ್ದೇವೆ ಅನ್ನಿಸಿತು. ಅಷ್ಟರಲ್ಲಿ ಇನ್ನೊಬ್ಬ ಹೆಂಗಸು ರಾಗಿ ಚೀಲ ತಂದು ತಕ್ಕಡಿಗೆ ಧೊಪ್ಪೆಂದು ಹಾಕಿ, “ಹೋದ್ಸಲ ಕಲ್ಲು ಬಂದಿತ್ತು, ದುಡ್ಡು ವಾಪಸ್ ಕೊಡು” ಎಂದು ಜಗಳಕ್ಕೆ ನಿಂತಳು. ಮಾಲೀಕ ಆ ಕಡೆ ತಿರುಗಿದ.

ಟವೆಲ್ ಕಟ್ಟಿಕೊಂಡವನು ಡಬ್ಬ ತಂದು ನನ್ನ ಕಾಲ ಬಳಿ ಇಟ್ಟ. “ಹಿಟ್ಟು ಬಿಸಿ ಇದೆ, ಈಗ್ಲೇ ಮುಚ್ಬೇಡಿ, ಬೆವರುತ್ತೆ.” ಅದೇ ಉಸಿರಿನಲ್ಲಿ, ಬಗ್ಗಿದ ಹಾಗೆಯೇ, “ನೀರಿನ ಟ್ಯಾಂಕ್ ಪಕ್ಕದ ಗಲ್ಲಿ, ಹಸಿರು ಗೇಟು, ಅಕ್ಕನ ಮನೆ. ಊಟಕ್ಕೆ ಬರ್ತೀನಿ” ಎಂದ.

ಹಸಿರು ಗೇಟಿನ ಮನೆಯ ಜಗಲಿಯಲ್ಲಿ ಅವನ ಅಕ್ಕ ಹುರುಳಿಕಾಯಿ ಮುರಿಯುತ್ತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ.

“ಯಾರಮ್ಮ? ಸ್ಟೇಷನ್ನಿಂದ್ಲಾ?”

“ಅಲ್ಲ, ಕಾಲೇಜಿಂದ.”

“ಕಾಲೇಜಿಗೂ ಬೇಕಾದ್ನಾ ಈಗ ಅವನು? ಕೂತ್ಕೊಳ್ಳಿ. ಬಿಸ್ಲಲ್ ಡಬ್ಬ ಹೊತ್ಕೊಂಡ್ ಬಂದಿದೀರ.” ನೀರು ತಂದು ಕೊಟ್ಟಳು. ಆದರೆ ಬಾಗಿಲಿಗೆ ಅಡ್ಡವಾಗಿಯೇ ಕೂತಳು.

ಅವನು ಬಂದ. ಮುಖ ತೊಳೆದ ಮೇಲೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವನಾಗಿ ಕಂಡ. ಕೂರಲಿಲ್ಲ, ಗೋಡೆಗೆ ಒರಗಿ ನಿಂತ. ನಾನು ಏನನ್ನೂ ಮುಚ್ಚದೆ ಹೇಳಿದೆ. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ, ಆಡಿಯೊ ನನ್ನ ಬ್ಯಾಗಿನಲ್ಲಿದೆ. ಆದರೆ ಒಂದು ಸಾವಿನ ವಿಷಯ ಹೇಳಿದಿರಿ. ಒಬ್ಬ ದೊಡ್ಡ ಅಧಿಕಾರಿ ಅದನ್ನು ಓದಿದ್ದಾರೆ, ಸುಮ್ಮನಿರಲು ಅವರಿಗೆ ಆಗುವುದಿಲ್ಲ. ಜೈಲಿನಲ್ಲಿ ಒಬ್ಬ ಸತ್ತಿದ್ದರೆ ಸುಮ್ಮನಿರುವುದು ನನಗೂ ಕಷ್ಟ.

ಅವನು ಅಕ್ಕನ ಮುಖ ನೋಡಿದ. “ಅಲ್ಲಿ ಯಾರೂ ಸತ್ತಿಲ್ಲ ಅಮ್ಮ. ನಾನಿದ್ದಾಗ ಇಲ್ಲ.”

“ನೀವೇ ಹೇಳಿದ್ರಲ್ಲ ಅಣ್ಣ” ಎಂದಳು ಹುಡುಗಿ. “ಹುಡುಗ ಹೋಗ್ಬಿಟ್ಟ, ಸಾಹೇಬ್ರು ಬೇರೆ ಬರ್ಕೊಂಡ್ರು ಅಂತ.”

“ಹೌದು. ಹೇಳ್ದೆ.”

“ಮತ್ತೆ ಈಗ ಇಲ್ಲ ಅಂತೀರ?”

“ಅಲ್ಲಿ ಇಲ್ಲ ಅಂದೆ.”

ಹೆದರಿದ ಸಾಕ್ಷಿ ಹಿಂದೆ ಸರಿಯುವುದು ಹೀಗೆಯೇ, ಒಂದೊಂದೇ ಶಬ್ದವಾಗಿ. ಅದನ್ನು ನೂರು ಸಲ ವಿವರಿಸಿದ್ದೇನೆ. ಆದಷ್ಟು ಮೆತ್ತಗೆ ಹೇಳಿದೆ. “ನೋಡಪ್ಪ, ಹೆದರ್ಬೇಡ. ನಿನ್ನ ಮಾತು ನಾನು ಕಿವಿಯಾರೆ ಕೇಳಿದೀನಿ. ಒಳಗಿದ್ದಾಗ ಅಂತಾನೇ ಹೇಳಿದೀಯ.”

“ಒಳಗಿದ್ದಾಗ್ಲೇ ಅಮ್ಮ! ನಾನ್ ಸುಳ್ ಹೇಳ್ತಿಲ್ಲ. ಒಳಗೇ ಆಗಿದ್ದು.”

“ಒಳಗೆ ಆಗಿದೆ, ಆದ್ರೆ ಅಲ್ಲಿ ಆಗಿಲ್ಲ ಅಂದ್ರೆ ಏನರ್ಥ?”

ಅವನು ಗೋಡೆಯಿಂದ ಸರಿದ. ಇನ್ನೇನು ಹೊರಟುಹೋಗುತ್ತಾನೆ ಅನ್ನಿಸಿತು. ಆಗ ಅಕ್ಕ ಹುರುಳಿಕಾಯಿಯ ಮೊರವನ್ನು ಪಕ್ಕಕ್ಕೆ ತಳ್ಳಿದಳು.

“ಏನಮ್ಮ ಅವನನ್ನ ಹಂಗೆ ಹಿಂಡ್ತೀರ? ಒಳಗಿದ್ದೆ ಅಂದ್ರೆ ಒಳಗಿದ್ದ. ನಮ್ಮಪ್ಪ ರಿಟೈರ್ ಆಗೋವರ್ಗೂ ಒಳಗೇ ಇದ್ದಿದ್ದು. ನಮ್ಮ ಮಾವನೂ ಒಳಗಿದ್ದೋರೇ. ಅದ್ರಲ್ಲೇನ್ ತಪ್ಪು?”

ನಾನು ದಿಗಿಲಿನಿಂದ ಕೇಳಿದೆ: “ನಿಮ್ಮ ತಂದೆಯವರೂ ಜೈಲಿನಲ್ಲಿದ್ರಾ?”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

“ಅಯ್ಯೋ ದೇವ್ರೇ! ಜೈಲಂತೆ! ಫ್ಯಾಕ್ಟರಿ ಕಣಮ್ಮ, ಫ್ಯಾಕ್ಟರಿ! ನಮ್ಮಪ್ಪ ಪರ್ಮನೆಂಟು. ನಮ್ಮೂರಲ್ಲಿ ಒಳಗೆ ಅಂದ್ರೆ ಗೇಟೊಳಗೆ. ಹೆಣ್ ಕೊಡೋವಾಗ್ಲೂ ಅದನ್ನೇ ಕೇಳ್ತಿದ್ರು, ಹುಡುಗ ಒಳಗಿದಾನಾ ಹೊರಗಿದಾನಾ ಅಂತ. ಕೇಳ್ಸ್ಕೊಂಡ್ಯೇನೋ? ನಮ್ಮಪ್ಪನ್ನ ಕಾಲೇಜ್ನೋರು ಜೈಲಿಗ್ ಹಾಕ್ಬಿಟ್ರು!”

ಹುಡುಗಿ ನನ್ನ ಮುಖ ನೋಡಲಿಲ್ಲ. ನೋಡದಿದ್ದದ್ದು ಅವಳ ದೊಡ್ಡತನ. ಅವಳು ಬರೆದ ‘ಇನ್‌ಸೈಡ್’ ಅವನ ಮಾತಿನ ಹಾಗೆಯೇ ಎರಡು ಕಡೆಗೂ ತೆರೆದಿತ್ತು. ಅದರ ಬಾಗಿಲು ಹಾಕಿದ್ದು ನನ್ನ ಒಳ್ಳೆಯ ಇಂಗ್ಲಿಷು.

ಜಗಲಿಯ ಮೇಲೆಯೇ, ಅವನ ಒಪ್ಪಿಗೆ ಕೇಳಿ, ಎಲ್ಲರೂ ಸೇರಿ ಇಡೀ ರೆಕಾರ್ಡಿಂಗನ್ನು ಮತ್ತೆ ಕೇಳಿದೆವು. ಈಗ ಎಷ್ಟು ಸ್ಪಷ್ಟವಾಗಿತ್ತು! ಜೈಲಿಗೆ ಅವನು ಎಲ್ಲೆಲ್ಲೂ ‘ಅಲ್ಲಿ’ ಎನ್ನುತ್ತಿದ್ದ. ಅಲ್ಲಿ ಊಟ, ಅಲ್ಲಿ ನಿದ್ದೆ ಬರ್ತಿರ್ಲಿಲ್ಲ, ಅಲ್ಲಿಂದ ಬಂದ್ಮೇಲೆ. ಆ ಜಾಗದ ಹೆಸರನ್ನು ಬಾಯಿಗೆ ತರುತ್ತಲೇ ಇರಲಿಲ್ಲ. ‘ಒಳಗೆ’ ಎಂಬ ಮಾತು ಬರುತ್ತಿದ್ದದ್ದು ಕೆಲಸದ ನೆನಪು ಬಂದಾಗ ಮಾತ್ರ, ಆಗ ದನಿ ಸ್ವಲ್ಪ ಎತ್ತರಿಸುತ್ತಿತ್ತು ಕೂಡ. ಬದುಕಿನಲ್ಲಿ ಮರೆಯೋಕಾಗದ ದಿನ ಯಾವುದು ಎಂದು ಹುಡುಗಿ ಕೇಳಿದ್ದಳು. ಜೈಲಿನ ದಿನವನ್ನೇ ಹೇಳುತ್ತಾನೆ ಎಂದು ನಾವು ಕಾದಿದ್ದೆವು. ಅವನು ತನಗೆ ಮರೆಯಲಾಗದ ದಿನವನ್ನು ಹೇಳಿದ್ದ.

ಅದು ಜೈಲಿಗೆ ಮೊದಲು ಅವನು ಕೆಲಸಕ್ಕಿದ್ದ ಒಂದು ಸಣ್ಣ ಖಾಸಗಿ ಫೌಂಡ್ರಿ, ಎರಕ ಹೊಯ್ಯುವ ಜಾಗ. ಈಗ ಶೆಡ್ಡೂ ಇಲ್ಲ. ಕರಗಿದ ಲೋಹದ ಬಕೆಟ್ಟನ್ನು ಸರಪಳಿಯಲ್ಲಿ ಎತ್ತುವಾಗ ಕೊಂಡಿ ಜಾರಿತು. ಕೆಳಗಿದ್ದ ಹುಡುಗ ಕಾಂಟ್ರ್ಯಾಕ್ಟಿನವನು, ತಮಿಳು ಮನೆಮಾತಿನವನು. ಅವನಿಗೆ ಆ ದಿನ ಕೆಲಸವೇ ಇರಲಿಲ್ಲ, ಹೇಳದೆ ಕೇಳದೆ ನುಗ್ಗಿದ್ದ ಎಂದು ಬರೆದರು. ನೋಡಿದವರ ಸೈನ್ ಬೇಕಿತ್ತು. ಇವನು ಹಾಕಿದ. ಮನೆಯವರು ತಮ್ಮ ಊರಿಗೆ ಹೋದರು, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ.

“ಈಗಲೂ ಬೇಕಿದ್ರೆ ಲಾಯರನ್ನ ಕೇಳಬಹುದು” ಎಂದೆ.

“ಯಾರಿಗೋಸ್ಕರ ಅಮ್ಮ? ಕೇಳೋರು ಒಬ್ರಾದ್ರೂ ಇದಾರಾ?” ಮೊಳಕೈಯ ಹಿಟ್ಟು ಉಜ್ಜಿಕೊಳ್ಳುತ್ತ, “ಜೈಲಲ್ ಆಗಿದ್ದಲ್ಲ ಅಂದ್ಮೇಲೆ ಇದನ್ನ ನಿಮ್ಮ ಪುಸ್ತಕದಿಂದ ತೆಗ್ದ್ ಹಾಕ್ತೀರ, ಅಲ್ವಾ?” ಎಂದ.

ಹುಡುಗಿ ಥಟ್ಟನೆ, “ಇಲ್ಲ” ಎಂದಳು. ನನ್ನನ್ನು ಕೇಳಲೂ ಇಲ್ಲ.

ಅವನು ಮೊದಲ ಸಲ ಕೂತ. “ನನಗೆ ಯಾವ್ದೋ ಒಂದು ಸುಳ್ ಹೆಸ್ರು ಇಡ್ತೀನಿ ಅಂದಿದ್ರಲ್ಲ ಮೇಡಂ. ಯಾವ್ದಾದ್ರೂ ಆಗುತ್ತಾ?”

“ಯಾವ್ದಾದ್ರೂ” ಎಂದಳು ಹುಡುಗಿ.

“ಹಂಗಾದ್ರೆ ಆ ಹುಡುಗನ ಹೆಸ್ರು ಇಡಿ.”

ಅಕ್ಕ ತಲೆ ಎತ್ತಿ ಅವನನ್ನು ನೋಡಿದಳು. ಹೆಸರು ಹೇಳಿದ. ಭದ್ರಾವತಿಯಲ್ಲಿ ಬೀದಿಗೆ ಒಬ್ಬರಿರುವಂಥ ಹೆಸರು. ಅದರಿಂದ ಯಾರೂ ಯಾರನ್ನೂ ಗುರುತು ಹಿಡಿಯಲಾರರು. ನಿಯಮದಲ್ಲಿ ಅದಕ್ಕೆ ಅಡ್ಡಿಯೇನೂ ಇಲ್ಲ ಎಂದು ಒಂದೆರಡು ಸಲ ಯೋಚಿಸಿ ಖಚಿತ ಮಾಡಿಕೊಂಡು ಒಪ್ಪಿದೆ.

ಸೋಮವಾರ ಆಡಿಯೊ ಕೊಡಲಿಲ್ಲ. ತಿದ್ದಿದ ಪುಟಗಳನ್ನು ಕೊಟ್ಟು, ಎಲ್ಲೆಲ್ಲಿ ‘ಅಲ್ಲಿ’, ಎಲ್ಲೆಲ್ಲಿ ‘ಒಳಗೆ’ ಎಂದು ಬೆರಳಿಟ್ಟು ತೋರಿಸಿದೆ. ಎಕ್ಸ್‌ಟರ್ನಲ್ ನಿಧಾನವಾಗಿ ಓದಿದರು, ಹಿಂದಕ್ಕೆ ತಿರುಗಿಸಿ ಮತ್ತೆ ಓದಿದರು. ನಾವು ಅವನನ್ನು ಹೆದರಿಸಿ ಹೇಳಿಸಿದ್ದೇವೋ ಎಂದು ನೇರವಾಗಿಯೇ ಕೇಳಿದರು. ಅವನು ತನ್ನ ಅಪ್ಪನ ಬಗ್ಗೆ ಆಡಿದ ಮಾತನ್ನು ಹುಡುಗಿ ಹಳೆಯ ಕರಡಿನಿಂದಲೇ ಓದಿ ಹೇಳಿದಳು: ‘ನಮ್ಮಪ್ಪ ಒಳಗಿದ್ದೋರು, ಕ್ವಾರ್ಟರ್ಸಲ್ಲೇ ಹುಟ್ಟಿದ್ದು ನಾನು.’ ಅಲ್ಲಿಯೂ ನನ್ನ ಕೆಂಪು ಗುರುತು, ಕೈಯ ರೂಢಿಯಲ್ಲಿ ಯಾರೆಂದು ನೋಡದೆಯೇ ಅಪ್ಪನನ್ನೂ ಜೈಲಿಗೆ ಕಳಿಸಿದ್ದೆ. ಅವರು ಕುರ್ಚಿಗೆ ಒರಗಿ ಜೋರಾಗಿ ನಕ್ಕುಬಿಟ್ಟರು.

“ಸರ್ವೀಸ್ ಪೂರ್ತಿ ಒಳಗೆ ಅಂದ್ರೆ ನನಗೆ ಒಂದೇ ಅರ್ಥ ಮೇಡಂ. ಕ್ವಾರ್ಟರ್ಸಲ್ಲಿ ಹುಟ್ಟಿದ ಅಂದ್ರೂ ನನಗೆ ಹೊಳೀಲಿಲ್ಲ ನೋಡಿ.”

ಎಚ್‌.ಒ.ಡಿ. ನಿಟ್ಟುಸಿರು ಬಿಟ್ಟರು. ಹಾಗಾದರೆ ಆ ಪ್ಯಾರಾ ವಿಷಯಕ್ಕೆ ಹೊರತು, ತೆಗೆದರೆ ಆಯಿತು. ಮತ್ತೆ ಇಂಗ್ಲಿಷ್ ಥೀಸಿಸ್ಸಿನಲ್ಲಿ ಕನ್ನಡ ಶಬ್ದ ಇಡುವಂತಿಲ್ಲ ಎಂದರು. ಪ್ಯಾರಾ ಇರುತ್ತದೆ, ಶಬ್ದವೂ ಇರುತ್ತದೆ, ಇಲ್ಲದಿದ್ದರೆ ಗೈಡ್ ಸಹಿ ಇರುವುದಿಲ್ಲ ಎಂದೆ. ಅವರು ನನ್ನ ಹಳೆಯ ಸ್ಟೂಡೆಂಟ್ ಅಲ್ಲವೇ, ನನ್ನ ದನಿ ಯಾವಾಗ ಬದಲಾಗುತ್ತದೆ ಎಂದು ಗೊತ್ತಿತ್ತು. ‘ಒಳಗೆ’ ಇಂಗ್ಲಿಷ್ ಅಕ್ಷರದಲ್ಲಿ ಓರೆಯಾಗಿ ಅಚ್ಚಾಯಿತು, ಕೆಳಗೆ ಹುಡುಗಿಯದೇ ಅಡಿಟಿಪ್ಪಣಿ. ಅದಕ್ಕೆ ನಾನು ಪೆನ್ನು ಮುಟ್ಟಿಸಲಿಲ್ಲ.

ವೈವಾ ದಿನ ಅದೇ ಎಕ್ಸ್‌ಟರ್ನಲ್. ಏಳನೆಯವನಿಗೆ ಈಗ ಹೆಸರಿತ್ತು. ಆ ಹೆಸರು ಎಲ್ಲಿಂದ ಬಂತೆಂದು ಅವರಿಗೆ ನಾವು ಹೇಳಿರಲಿಲ್ಲ. ಅವರು ಆ ಹೆಸರನ್ನೇ ಹಿಡಿದು ಪ್ರಶ್ನೆ ಕೇಳುತ್ತ ಹೋದರು. ಇವನು ಈಗ ಎಲ್ಲಿ ಕೆಲಸ ಮಾಡ್ತಾನೆ? ಇವನ ಅಕ್ಕ ಇವನನ್ನು ಚೆನ್ನಾಗಿ ನೋಡಿಕೊಳ್ತಾಳಾ? ಹುಡುಗಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಅವರು ಪುಸ್ತಕ ಮುಚ್ಚಿ, ಆ ಹೆಸರನ್ನು ಇನ್ನೊಮ್ಮೆ ಹೇಳಿ, “ಇವನು ಈಗ ಚೆನ್ನಾಗಿದಾನೇನಮ್ಮ?” ಎಂದು ಕೇಳಿದರು.

ಅವಳು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಅವರು ಅದನ್ನು ವೈವಾದ ಗಾಬರಿ ಎಂದುಕೊಂಡು ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.